ಬ್ಯಾಂಡ್ ತೋರಿಸುವ ಕ್ಯಾಲೊರಿ, ನಿದ್ದೆ: ತೋಟದ ಕೆಲಸದವರು ಎಷ್ಟು ನಂಬಬಹುದು?

ಕಣದಮನೆ:
ನಮಸ್ಕಾರ. ಸೋಮವಾರಪೇಟೆ ಕಡೆ ಕಾಫಿ ತೋಟದ ಕೆಲಸ. ವಯಸ್ಸು 45, ತೂಕ 70 ಕೆಜಿ, ಎತ್ತರ 168 ಸೆಂ.ಮೀ. ಕೈಯಲ್ಲಿರುವುದು ಜಿಪಿಎಸ್ ಇಲ್ಲದ ಸಾದಾ ಫಿಟ್‌ನೆಸ್ ಬ್ಯಾಂಡ್. ದಿನಕ್ಕೆ ಸರಾಸರಿ 2,750 ಕ್ಯಾಲೊರಿ ಖರ್ಚು ಅಂತ ತೋರಿಸುತ್ತೆ. ತಿಂದದ್ದನ್ನು ಬರೆದಿಟ್ಟು ಕೂಡಿಸಿದರೆ 2,300 ಆಸುಪಾಸು. ಆದರೂ ಎರಡು ತಿಂಗಳಿಂದ ತೂಕ ಅಲ್ಲೇ ನಿಂತಿದೆ.

ವೀಡ್ ಕಟರ್ (ಕಳೆ ಕತ್ತರಿಸುವ ಯಂತ್ರ) ಹಿಡಿದ ದಿನ ಹೆಜ್ಜೆ 18,000 ದಾಟುತ್ತೆ. ಗೊಬ್ಬರದ ಮೂಟೆ ಹೊತ್ತು ಸೊಂಟ ಬಿದ್ದುಹೋದ ದಿನ 6,000 ಕೂಡ ಇರಲ್ಲ. ಮಡಿಕೇರಿಗೆ ಜೀಪಲ್ಲಿ ಹೋಗಿ ಬಂದರೂ ಹೆಜ್ಜೆ ಏರುತ್ತೆ. ರಾತ್ರಿ ಹತ್ತಕ್ಕೆ ಮಲಗಿ ಹನ್ನೊಂದರ ತನಕ ಎಚ್ಚರವಿದ್ದರೂ ಹತ್ತೂಕಾಲಿಗೇ ನಿದ್ದೆ ಬಂತು ಅಂತ ಬರೆದುಕೊಳ್ಳುತ್ತೆ. ಬ್ಯಾಂಡ್ ಕೆಟ್ಟಿದೆಯಾ, ಸೆಟ್ಟಿಂಗ್ ತಪ್ಪಾ?

ಬೆಟ್ಟದಹಾದಿ:
ಕೆಟ್ಟಿಲ್ಲ. ಬ್ಯಾಂಡ್ ಕ್ಯಾಲೊರಿಯನ್ನು ಅಳೆಯೋದೇ ಇಲ್ಲ, ಊಹಿಸುತ್ತೆ. ಅದಕ್ಕೆ ಗೊತ್ತಿರೋದು ಕೈಯ ಅಲುಗಾಟ, ನಾಡಿಬಡಿತ, ಮತ್ತೆ ನೀವು ತುಂಬಿದ ವಯಸ್ಸು, ತೂಕ, ಎತ್ತರ. 2017ರಲ್ಲಿ ಸ್ಟ್ಯಾನ್‌ಫೋರ್ಡ್‌ನವರು ಏಳು ಸಾಧನಗಳನ್ನು ಪರೀಕ್ಷೆಗೆ ಹಾಕಿದಾಗ ಆರರಲ್ಲಿ ನಾಡಿಯ ತಪ್ಪು ಶೇ 5ರ ಒಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಎಲ್ಲಕ್ಕಿಂತ ಚೆನ್ನಾಗಿದ್ದ ಸಾಧನವೂ ಸರಾಸರಿ ಶೇ 27 ತಪ್ಪಿತ್ತು.

ಮೊದಲು ನಿಮ್ಮ 2,750 ಒಡೆದು ನೋಡಿ. ಗಂಡಸರಿಗೆ ಸೂತ್ರ: 10 × ತೂಕ + 6.25 × ಎತ್ತರ − 5 × ವಯಸ್ಸು + 5. ಹೆಂಗಸರಿಗೆ ಕೊನೆಯ +5 ಬದಲು −161. ನಿಮ್ಮದು 700 + 1,050 − 225 + 5 = 1,530. ಇದು ಇಡೀ ದಿನ ಹಾಸಿಗೆಯಲ್ಲೇ ಬಿದ್ದುಕೊಂಡಿದ್ದರೂ ದೇಹ ಉರಿಸೋ ಲೆಕ್ಕ. ಉಳಿದ 1,220 ಬ್ಯಾಂಡಿನ ಊಹೆ, ತಪ್ಪಿನ ಹೆಚ್ಚಿನ ಪಾಲು ಕೂತಿರೋದು ಅದರಲ್ಲೇ.

ಈಗ ಸರಿಪಡಿಸೋ ದಾರಿ. 14 ದಿನ ಬೆಳಿಗ್ಗೆ ಶೌಚ ಮುಗಿಸಿ, ಕಾಫಿ ಕುಡಿಯೋ ಮುಂಚೆ ತೂಕ ನೋಡಿ. ಒಂದೊಂದು ದಿನದ್ದು ಬಿಡಿ, ಎರಡು ವಾರಗಳ ಸರಾಸರಿ ಹೋಲಿಸಿ. ತೂಕ ಕದಲದಿದ್ದರೆ ತಿಂದದ್ದೂ ಖರ್ಚಾದದ್ದೂ ಸಮ. ನಿಮ್ಮ ಲೆಕ್ಕದಲ್ಲಿ 2,300 ಭಾಗಿಸು 2,750, ಅಂದರೆ 0.84. ಇನ್ನು ಮುಂದೆ ಬ್ಯಾಂಡ್ ಹೇಳಿದ್ದಕ್ಕೆ 0.84 ಗುಣಿಸಿ, ತೂಕ ಇಳಿಸಬೇಕಿದ್ದರೆ ಅದರಿಂದ 300 ಕಳೆದು ಊಟ ಮಾಡಿ. ನೀವು ಊಟ ಬರೆಯುವಾಗ ಎಣ್ಣೆ ಮರೆತಿದ್ದರೂ (ಒಂದು ದೊಡ್ಡ ಚಮಚಕ್ಕೇ 120 ಕ್ಯಾಲೊರಿ, ಪಂದಿಕರಿಯ ಕೊಬ್ಬು ಬೇರೆ!) ಚಿಂತೆಯಿಲ್ಲ. ಮುಂದೆಯೂ ಅದೇ ರೀತಿ ಬರೆಯುತ್ತಾ ಹೋದರೆ ಆ ತಪ್ಪು 0.84ರ ಒಳಗೇ ಅಡಗಿರುತ್ತೆ. ಬರೆಯುವ ರೀತಿಯನ್ನು ಮಧ್ಯದಲ್ಲಿ ಬದಲಿಸಬೇಡಿ, ಅಷ್ಟೆ.

ಗೇಟ್‌ಬಳಿ_ರಿಪೇರಿ:
ಹೆಜ್ಜೆ ವಿಷಯಕ್ಕೆ ಬರ್ತೀನಿ. ಬ್ಯಾಂಡಿಗೆ ಕಾಲು ಕಾಣಲ್ಲ, ಮಣಿಕಟ್ಟು ತಾಳಕ್ಕೆ ಸರಿಯಾಗಿ ಅಲುಗಿದರೆ ಅದೇ ಹೆಜ್ಜೆ. ವೀಡ್ ಕಟರ್ ಎಡಕ್ಕೂ ಬಲಕ್ಕೂ ಬೀಸುವ ವೇಗ ಹೆಚ್ಚುಕಡಿಮೆ ನಡಿಗೆಯ ತಾಳವೇ. ಜೀಪಿನ ಕುಲುಕಾಟವೂ ಹಾಗೆ. ಮೂಟೆ ಹೊತ್ತಾಗ ಕೈ ಮೇಲೆ ಹಿಡಿದು ನಿಂತಿರುತ್ತೆ, ಕೈಗಾಡಿ ತಳ್ಳುವಾಗ ಹಿಡಿಗೆ ಅಂಟಿರುತ್ತೆ, ಅಲ್ಲಿ ಎಣಿಕೆ ಬೀಳಲ್ಲ.

ಕಟರ್ ಹಿಡಿಯುವಾಗ ಬ್ಯಾಂಡ್ ಬಿಚ್ಚಿ ಜೇಬಿಗೆ ಹಾಕಿ. ಆಪ್‌ನಲ್ಲಿ ಆ ಕೆಲಸವನ್ನು ಕೈಯಾರೆ ಸೇರಿಸಿ. ಮೂಟೆ ಹೊರುವ ದಿನ ವ್ಯಾಯಾಮ ಮೋಡ್ ಹಾಕಿ, ಆಗ ನಾಡಿಯನ್ನು ಬಿಡದೆ ಓದುತ್ತೆ. ಸಾದಾ ಮೋಡ್‌ನಲ್ಲಿ ಎಷ್ಟೋ ಬ್ಯಾಂಡ್‌ಗಳು ಕೆಲವು ನಿಮಿಷಕ್ಕೊಮ್ಮೆ ಮಾತ್ರ ಓದೋದು. ಸೆಟ್ಟಿಂಗ್‌ನಲ್ಲಿ ಯಾವ ಕೈ ಅಂತ ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಟ್ಟಿದ್ದೀರಾ ನೋಡಿ. ಕೆಲಸ ಕಡಿಮೆ ಮಾಡುವ ಕೈಗೆ ಕಟ್ಟುವುದು ಒಳ್ಳೆಯದು.

ಕಟ್ಟುವ ಜಾಗ: ಮಣಿಕಟ್ಟಿನ ಮೂಳೆಯಿಂದ ಒಂದೆರಡು ಬೆರಳು ಮೇಲೆ, ಅಲುಗಿಸಿದರೆ ಚರ್ಮವೂ ಜೊತೆಗೆ ಸರಿಯುವಷ್ಟು ಬಿಗಿ. ಕಕ್ಕಡದ (ಜುಲೈ–ಆಗಸ್ಟ್‌ನ ಮಳೆಗಾಲದ ತಿಂಗಳು) ಚಳಿಯಲ್ಲಿ, ಕುಯ್ಲಿನ ಕಾಲದ ಬೆಳಗಿನ ಹೊತ್ತಲ್ಲಿ ಚರ್ಮದ ರಕ್ತನಾಳ ಸಂಕುಚಿಸುತ್ತೆ, ನಾಡಿ ಓದುವ ಬ್ಯಾಂಡಿನ ಹಸಿರು ಬೆಳಕಿಗೆ ನಾಡಿ ಸರಿಯಾಗಿ ಸಿಗಲ್ಲ. ತೋಳು ಮುಚ್ಚಿ ಹತ್ತು ನಿಮಿಷ ನಡೆದು ಮೈ ಬಿಸಿಯಾದ ಮೇಲೆ ಮೋಡ್ ಶುರು ಮಾಡಿ. ಮಳೆಗಾಲಕ್ಕೆ ಬಟ್ಟೆಯ ಪಟ್ಟಿ ಬೇಡ, ಒಣಗೋದೇ ಇಲ್ಲ. ಸಿಲಿಕೋನ್ ಪಟ್ಟಿಯನ್ನೂ ದಿನಕ್ಕೊಂದು ಗಂಟೆ ಬಿಚ್ಚಿಡಿ, ಇಲ್ಲದಿದ್ದರೆ ಗುಳ್ಳೆ ಏಳುತ್ತೆ.

ಕಾವೇರಿಕರೆ:
ನಿದ್ದೆ ಬಗ್ಗೆ. ಆಸ್ಪತ್ರೆಯ ನಿದ್ರಾ ಪರೀಕ್ಷೆಯಲ್ಲಿ ಮಿದುಳಿನ ಅಲೆ, ಕಣ್ಣಿನ ಚಲನೆ, ಸ್ನಾಯುವಿನ ಬಿಗಿತ ನೋಡ್ತಾರೆ. ಬ್ಯಾಂಡಿಗೆ ಇದ್ಯಾವುದೂ ಇಲ್ಲ. ಅಲುಗದೆ ಮಲಗಿ ನಾಡಿ ಇಳಿದರೆ ಅದಕ್ಕೆ ನಿದ್ದೆಯೇ. ಎಚ್ಚರವನ್ನು ನಿದ್ದೆ ಅಂದುಕೊಳ್ಳುವುದು ಈ ಜಾತಿಯ ಎಲ್ಲ ಸಾಧನಗಳ ರೋಗ. ನಿಜಕ್ಕೂ ನಿದ್ದೆ ಬಂದ ಹೊತ್ತನ್ನು ಆಪ್‌ನಲ್ಲಿ ತಿದ್ದಲು ಅವಕಾಶವಿದ್ದರೆ ಬೆಳಿಗ್ಗೆಯೇ ತಿದ್ದಿ.

ಮಲಗುವ, ಏಳುವ ಹೊತ್ತು ಮತ್ತು ರಾತ್ರಿಯ ನಾಡಿ, ಇಷ್ಟು ವಾರದ ಲೆಕ್ಕದಲ್ಲಿ ನೋಡಲು ಯೋಗ್ಯ. ಗಾಢ ನಿದ್ದೆ 52 ನಿಮಿಷವೋ 70 ನಿಮಿಷವೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮದುವೆಮನೆಯಲ್ಲಿ ಎರಡು ಪೆಗ್ ಹಾಕಿದ ರಾತ್ರಿ ನಾಡಿಯ ಗೆರೆ ಎಷ್ಟು ಮೇಲಿರುತ್ತೆ ನೋಡಿ, ಆ ಸುದ್ದಿಯನ್ನು ಬ್ಯಾಂಡ್ ಸರಿಯಾಗಿಯೇ ಹೇಳುತ್ತೆ. ಸಂಜೆ ಏಳರ ಬೆಲ್ಲದ ಕಾಫಿ ಬಿಡಿ. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು, ಹತ್ತರಿಂದ ಹನ್ನೊಂದರ ಎಚ್ಚರಕ್ಕೆ ಅದೇ ಕಾರಣ ಇರಬಹುದು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ಬ್ಯಾಂಡ್ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ.

ಕಣದಮನೆ:
ಉಪಕಾರ ಆಯ್ತು. ಏಳರ ಕಾಫಿ ಹೌದು, ಸಿಕ್ಕಿಬಿದ್ದೆ. ಇನ್ನೊಂದು ಮಾತು: ನಮ್ಮದು ಇಳಿಜಾರು ತೋಟ. ಏರು ಹತ್ತಿದ್ದು ಲೆಕ್ಕಕ್ಕೆ ಬರುತ್ತಾ?

ಬೆಟ್ಟದಹಾದಿ:
ಸಾದಾ ಬ್ಯಾಂಡಿಗೆ ಎಲ್ಲವೂ ಸಮತಟ್ಟು. ನಾಡಿ ಏರಿದ್ದರಿಂದ ಸ್ವಲ್ಪ ಹಿಡಿಯಬಹುದು, ಅಷ್ಟೆ. 70 ಕೆಜಿಯವರು 100 ಮೀಟರ್ ಮೇಲಕ್ಕೆ ಹತ್ತಿದರೆ ಎತ್ತುವ ಕೆಲಸವೇ 16 ಕ್ಯಾಲೊರಿ. ಸ್ನಾಯುವಿನ ದಕ್ಷತೆ ಸುಮಾರು ಕಾಲು ಭಾಗ, ಹಾಗಾಗಿ ಖರ್ಚು 65ರ ಹತ್ತಿರ. ದಿನಕ್ಕೆ ಮೂರು ಸಲ ಹತ್ತಿದರೆ 200. ಮುಂದೆ ಕೊಳ್ಳುವುದಾದರೆ ವಾಯುಭಾರ ಮಾಪಕ (ಗಾಳಿಯ ಒತ್ತಡ ನೋಡಿ ಎತ್ತರ ಲೆಕ್ಕ ಹಾಕುವುದು) ಇರುವುದನ್ನು ಕೊಳ್ಳಿ. ಆದರೆ ಅದಕ್ಕೂ ಒಂದು ಹುಚ್ಚಿದೆ: ಜೋರು ಮಳೆ ಬರುವಾಗ ಒತ್ತಡ 1 ಹೆಕ್ಟೋಪಾಸ್ಕಲ್ ಇಳಿದರೆ, ಜಗಲಿಯಲ್ಲಿ ಕೂತವರನ್ನೂ 9 ಮೀಟರ್ ಮೇಲೇರಿಸುತ್ತೆ. ಮನೆಯ ಎತ್ತರ ಗೊತ್ತಿದ್ದರೆ ಪ್ರತಿದಿನ ಹೊರಡುವ ಮುಂಚೆ ಅದನ್ನೇ ಹೊಂದಿಸಿಕೊಳ್ಳಿ.