ಅಡ್ವಾನ್ಸ್ ಕಟ್ಟಬೇಡಿ ದೊಡ್ಡಪ್ಪ

ನಮ್ಮ ಮನೆ ಗುಂಪು, ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ

ಸಕಲೇಶಪುರ ದೊಡ್ಡಪ್ಪ, 6:12
ಎಲ್ಲರೂ ಈ ವಿಡಿಯೋ ನೋಡಿ. ನೀರಿಗೆ ಒಂದು ಪುಡಿ ಹಾಕಿ ಬಿಸಿಲಿಗಿಟ್ಟರೆ ಹೈಡ್ರೋಜನ್ ಬರುತ್ತದಂತೆ. ಅದರಲ್ಲೇ ಎಂಜಿನ್ ಓಡುತ್ತದಂತೆ. ಪಂಪ್‌ಸೆಟ್‌ಗೆ ಕೂರಿಸುವ ಕಿಟ್ ಬಂದಿದೆ. ಈ ವಾರ ಅಡ್ವಾನ್ಸ್ ಕಟ್ಟಿದರೆ ಅರ್ಧ ರೇಟು. ಕಾಫಿಗೆ ಬೇಕಾದ ಹೂ ಮಳೆ ಕೈ ಕೊಟ್ಟಿದೆ, ಸ್ಪ್ರಿಂಕ್ಲರ್ ನಿಲ್ಲಿಸುವ ಹಾಗಿಲ್ಲ. ಹಳ್ಳದಲ್ಲಿ ನೀರಿದೆ, ಬಿಸಿಲೂ ಇದೆ. ಡೀಸೆಲ್ ಮಾತ್ರ ದುಡ್ಡು ಕೊಟ್ಟು ತರಬೇಕು.

ಮೂಡಿಗೆರೆ ಬಾವ, 6:20
ಮಾವ, 1996ರಲ್ಲಿ ತಮಿಳುನಾಡಿನಲ್ಲಿ ನೀರಿಗೆ ಗಿಡಮೂಲಿಕೆ ಹಾಕಿ ಪೆಟ್ರೋಲ್ ಮಾಡ್ತೀನಿ ಅಂದರಲ್ಲ, ಇದೂ ಆ ಥರದ್ದೇ. ನೀರಿನಿಂದ ಇಂಧನ ಅನ್ನೋದೇ ಸುಳ್ಳು. ಡಿಲೀಟ್ ಮಾಡಿ.

ಸಕಲೇಶಪುರ ದೊಡ್ಡಪ್ಪ, 6:24
ಎಲ್ಲದಕ್ಕೂ ಸುಳ್ಳು ಅಂದರೆ ಹೇಗಪ್ಪ? ಜಪಾನಿನ ವಿಜ್ಞಾನಿಗಳನ್ನೂ ತೋರಿಸಿದ್ದಾರೆ. ಹಾಸನದಲ್ಲಿ ನಮ್ಮ ಹುಡುಗಿ ಕೆಮಿಸ್ಟ್ರಿ ಪಾಠ ಮಾಡ್ತಾಳಲ್ಲ, ಅವಳೇ ಹೇಳಲಿ.

ನಾನು, 6:41
ದೊಡ್ಡಪ್ಪ, ಜಪಾನಿನ ವಿಷಯ ನಿಜ. ಕಿಟ್ ಸುಳ್ಳು. ಎರಡನ್ನೂ ಒಂದೇ ವಿಡಿಯೋದಲ್ಲಿ ಸೇರಿಸಿದ್ದಾರೆ, ಅದಕ್ಕೇ ನಂಬಿಕೆ ಬರೋದು.

1972ರಲ್ಲಿ ಟೋಕಿಯೋದ ಫುಜಿಶಿಮಾ ಮತ್ತು ಹೋಂಡಾ ಅನ್ನುವ ಇಬ್ಬರು ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಬಿಟ್ಟು ನೀರನ್ನು ಒಡೆದು ತೋರಿಸಿದರು. ನಮ್ಮ ಗೋಡೆಯ ಪೇಂಟಿಗೆ ಬಿಳಿ ಬಣ್ಣ ಕೊಡುವುದೂ ಇದೇ ವಸ್ತು. ಅದರ ಹತ್ತಿರ ಆಕ್ಸಿಜನ್ ಬಂತು. ತಂತಿಯಿಂದ ಅದಕ್ಕೆ ಸೇರಿಸಿದ್ದ ಪ್ಲಾಟಿನಂ ಹತ್ತಿರ ಹೈಡ್ರೋಜನ್ ಬಂತು. ಹಾಗಾಗಿ ಬಾವ, ಪೂರ್ತಿ ಸುಳ್ಳು ಅಂತ ಹೇಳಬೇಡಿ.

ಆದರೆ ನೀರು ಇಂಧನ ಅಲ್ಲ. ನೀರು ಅಂದರೆ ಆಗಲೇ ಸುಟ್ಟು ಮುಗಿದ ಹೈಡ್ರೋಜನ್. ಒಲೆಯ ಬೂದಿ ಇದ್ದ ಹಾಗೆ. ಬೂದಿಯನ್ನು ಮತ್ತೆ ಸೌದೆ ಮಾಡಬೇಕು ಅಂದರೆ ಹೊರಗಿನಿಂದ ಶಕ್ತಿ ಕೊಡಲೇಬೇಕು.

ಸಕಲೇಶಪುರ ದೊಡ್ಡಪ್ಪ, 6:44
ಆ ಪುಡಿ ಅದಕ್ಕೇ ಇರೋದಲ್ವಾ?

ನಾನು, 6:52
ಇಲ್ಲ ದೊಡ್ಡಪ್ಪ. ನೀರು ಮಂಗಳೂರಲ್ಲಿದೆ, ಹೈಡ್ರೋಜನ್ ನಿಮ್ಮ ಸಕಲೇಶಪುರದಲ್ಲಿದೆ ಅಂದುಕೊಳ್ಳಿ. ಲಾರಿ ಸುಮಾರು 3,000 ಅಡಿ ಮೇಲೆ ಬರಬೇಕು. ಪುಡಿ, ಅಂದರೆ ವೇಗವರ್ಧಕ, ಶಿರಾಡಿ ಘಾಟಿಯ ರಸ್ತೆ ಇದ್ದ ಹಾಗೆ. ಗುಂಡಿ ಇಲ್ಲದಿದ್ದರೆ ಲಾರಿ ಆರಾಮಾಗಿ ಹತ್ತುತ್ತದೆ. ಆದರೆ ರಸ್ತೆ ಚೆನ್ನಾಗಿದೆ ಅಂತ ಡೀಸೆಲ್ ಇಲ್ಲದೆ ಹತ್ತುತ್ತಾ? ಇಲ್ಲಿ ಡೀಸೆಲ್ ಅಂದರೆ ಬಿಸಿಲು. ಹೈಡ್ರೋಜನ್ ಸುಟ್ಟಾಗ ಲಾರಿ ಮತ್ತೆ ಮಂಗಳೂರಿಗೆ ಇಳಿಯುತ್ತದೆ. ಆ ಇಳಿಜಾರಿನ ವೇಗದಲ್ಲೇ ತಿರುಗಿ ಸಕಲೇಶಪುರ ಮುಟ್ಟಲು ಆಗಲ್ಲ.

ಮೂಡಿಗೆರೆ ಬಾವ, 6:58
ಸರಿ, ಸುಳ್ಳಲ್ಲ. 1972ರಿಂದ ಇದೆ ಅಂತೀಯ. ಇಷ್ಟು ವರ್ಷ ಆದರೂ ಒಂದು ಬಂಕಿಗಾದರೂ ಬಂತಾ?

ನಾನು, 7:15
ಬಂದಿಲ್ಲ ಬಾವ. ಯಾಕೆ ಅಂದರೆ ಕೆಲಸ ಅಷ್ಟು ಕಷ್ಟ. ಬೆಳಕು ಬಿದ್ದಾಗ ಪುಡಿಯ ಕಣದೊಳಗೆ ಒಂದು ಎಲೆಕ್ಟ್ರಾನ್ ಮೇಲಕ್ಕೆ ನೆಗೆಯುತ್ತದೆ. ಅದು ನೀರನ್ನು ಮುಟ್ಟಿ ಹೈಡ್ರೋಜನ್ ಮಾಡಬೇಕು. ಎಲೆಕ್ಟ್ರಾನ್ ಬಿಟ್ಟು ಹೋದ ಖಾಲಿ ಜಾಗ ಇನ್ನೊಂದು ಕಡೆ ಆಕ್ಸಿಜನ್ ಮಾಡಬೇಕು. ಎರಡೂ ಆಗುವ ಮೊದಲೇ ಎಲೆಕ್ಟ್ರಾನ್ ವಾಪಸ್ ತನ್ನ ಜಾಗಕ್ಕೆ ಬಿದ್ದುಬಿಡುತ್ತದೆ. ಬೆಳಕು ಸುಮ್ನೆ ಬಿಸಿಯಾಗಿ ಹೋಗುತ್ತದೆ. ಅದು ಬೀಳದಂತೆ ತಡೆಯುವುದಕ್ಕೇ ಇಷ್ಟು ವರ್ಷ ಹಿಡಿದದ್ದು.

ಇನ್ನೊಂದು ತೊಂದರೆ ಇದೆ. ಆ ಬಿಳಿ ಪುಡಿ ಹಿಡಿಯುವುದು ನೇರಳಾತೀತ ಬೆಳಕನ್ನು ಮಾತ್ರ. ಬಿಸಿಲಿನ ಶಕ್ತಿಯಲ್ಲಿ ಅದು ನೂರಕ್ಕೆ ಸುಮಾರು 5 ಭಾಗ ಅಷ್ಟೇ.

2021ರಲ್ಲಿ ಜಪಾನಿನ ವಿಜ್ಞಾನಿ ಡೋಮೆನ್ ಅವರ ತಂಡ ಇಂಥ ಪುಡಿ ಬಳಿದ 100 ಚದರ ಮೀಟರ್ ಹಲಗೆಗಳನ್ನು ಬಯಲಲ್ಲಿ ಹಾಸಿ ತಿಂಗಳುಗಟ್ಟಲೆ ಓಡಿಸಿದ ವಿವರ ಪ್ರಕಟಿಸಿತು. ಹೊರಟ ಗ್ಯಾಸನ್ನು ಸೋಸಿ ಹೈಡ್ರೋಜನ್ ಬೇರೆ ಮಾಡಿದರು. ದೊಡ್ಡ ಸಾಧನೆ ಅದು. ಆದರೂ ಬಿದ್ದ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆದದ್ದು ಹೆಚ್ಚೆಂದರೆ ಶೇ. 0.76.

ದೊಡ್ಡಪ್ಪ, ಇದನ್ನು ನಿಮ್ಮ ತೋಟದ ಲೆಕ್ಕಕ್ಕೆ ತರ್ತೀನಿ. ನಿಮ್ಮ ಪಂಪಿಗೆ ದಿನಕ್ಕೆ 10 ಲೀಟರ್ ಡೀಸೆಲ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ಸುಮಾರು 100 ಯೂನಿಟ್ ಶಕ್ತಿ ಇದೆ. ಒಂದು ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಹಿಡಿಯೋಣ. ಆ ಜಪಾನಿನ ಹಲಗೆಯಲ್ಲಿ ಅಷ್ಟೇ ಶಕ್ತಿಯ ಹೈಡ್ರೋಜನ್ ಬೇಕು ಅಂದರೆ 26 ಗುಂಟೆ ತುಂಬ ಹಲಗೆ ಹಾಸಬೇಕು. ನೆರಳಿನ ಮರವೆಲ್ಲ ಕಡಿದು. ವಿಡಿಯೋದವರ ಕಿಟ್ ಬಕೆಟ್ ಗಾತ್ರ ಇದೆ.

ಬೇಲೂರು ಅತ್ತೆ, 7:19
ಕುಡಿಯೋ ನೀರಿಗೇ ಜನ ಒದ್ದಾಡುತ್ತಿದ್ದಾರೆ. ಎತ್ತಿನಹೊಳೆ ನೀರಿಗೆ ಎಷ್ಟು ಜಗಳ ನೋಡಿಲ್ವಾ? ಇದೂ ಶುರುವಾದರೆ ಇರೋ ನೀರೂ ಹೋಗುತ್ತದೆ.

ನಾನು, 7:23
ಅತ್ತೆ, ಒಂದು ಕೆಜಿ ಹೈಡ್ರೋಜನ್ನಿಗೆ ಒಡೆದು ಹೋಗುವ ನೀರು ಸುಮಾರು 9 ಲೀಟರ್. ಒಂದು ಕೆಜಿಯಲ್ಲಿ 3 ಲೀಟರ್ ಡೀಸೆಲ್‌ಗಿಂತ ಜಾಸ್ತಿ ಶಕ್ತಿ ಇರುತ್ತದೆ. ಸ್ಪ್ರಿಂಕ್ಲರ್ ಮುಂದೆ ಅದು ಏನೂ ಅಲ್ಲ. ಇಲ್ಲಿ ಕಷ್ಟ ನೀರಿನದಲ್ಲ, ಬಿಸಿಲು ಬೀಳುವ ಜಾಗದ್ದು.

ಸಕಲೇಶಪುರ ದೊಡ್ಡಪ್ಪ, 7:30
ಮತ್ತೆ ವಿಡಿಯೋದಲ್ಲಿ ಎಂಜಿನ್ ಓಡುತ್ತಿದೆಯಲ್ಲ. ಗುಳ್ಳೆ ಕಣ್ಣಿಗೆ ಕಾಣುತ್ತಿದೆ.

ನಾನು, 7:48
ಗುಳ್ಳೆ ನಿಜವೇ. ನಮ್ಮ ಲ್ಯಾಬಿನಲ್ಲೂ ಬರುತ್ತದೆ. ಎರಡು ಪೆನ್ಸಿಲ್ ಕಡ್ಡಿ, ಸ್ವಲ್ಪ ಸೋಡಾ ಬೆರೆಸಿದ ನೀರು, 9 ವೋಲ್ಟ್ ಬ್ಯಾಟರಿ. ಒಂದು ನಳಿಗೆಯಲ್ಲಿ ಇನ್ನೊಂದರ ಎರಡರಷ್ಟು ಗ್ಯಾಸ್ ಸೇರುತ್ತದೆ. ಅದರ ಬಾಯಿಗೆ ಬೆಂಕಿಕಡ್ಡಿ ಹಿಡಿದರೆ ಪಟ್ ಅನ್ನುತ್ತದೆ. ಮಕ್ಕಳು ಒಂದು ಹೆಜ್ಜೆ ಹಿಂದೆ ಹೋಗಿ ಮತ್ತೆ ಮುಂದೆ ಬರುತ್ತಾರೆ. ಆಮೇಲೆ ನಳಿಗೆಯ ಒಳಗೋಡೆ ತೋರಿಸುತ್ತೇನೆ. ಹಬೆ ಕಟ್ಟಿದ ಹಾಗೆ ಸಣ್ಣ ಹನಿಗಳು. ಹೈಡ್ರೋಜನ್ ಸುಟ್ಟು ಮತ್ತೆ ನೀರಾಗಿದೆ.

ಇಷ್ಟು ಉದ್ದ ಯಾಕೆ ಬರೀತಿದ್ದೀನಿ ಅಂದರೆ, ನಿಮಗೂ ಗೊತ್ತಿಲ್ಲದ ಒಂದು ವಿಷಯ ಇದೆ. ನಮ್ಮಪ್ಪ ಜೀಪಿಗೆ ಇಂಥದ್ದೇ ಒಂದು ಕಿಟ್ ಹಾಕಿಸಿದ್ದರು. ಮೈಲೇಜ್ ಏನೂ ಏರಲಿಲ್ಲ. ಕೊಟ್ಟವನು ಫೋನ್ ಎತ್ತಲಿಲ್ಲ. ಅಪ್ಪ ಯಾರಿಗೂ ಹೇಳಲಿಲ್ಲ, ಅವಮಾನ ಅಂತ. ಅವರು ಹೋದ ಮೇಲೆ ಅಟ್ಟದ ಮೇಲೆ ಆ ಡಬ್ಬಿ ಸಿಕ್ಕಿತು. ಬಿಚ್ಚಿ ನೋಡಿದೆ. ನಾಲ್ಕು ಸ್ಟೀಲ್ ತಗಡು, ತುಕ್ಕಿನ ಕೆಂಪು ನೀರು, ಬ್ಯಾಟರಿಗೆ ಹೋಗುವ ಎರಡು ವೈರು. ಎಂಜಿನ್ ಡೀಸೆಲ್ ಸುಟ್ಟು ಬ್ಯಾಟರಿ ಚಾರ್ಜ್ ಮಾಡುತ್ತದೆ, ಬ್ಯಾಟರಿ ನೀರು ಒಡೆಯುತ್ತದೆ, ಆ ಗ್ಯಾಸ್ ಎಂಜಿನ್ನಿಗೆ ಹೋಗುತ್ತದೆ. ಒಂದೊಂದು ಹೆಜ್ಜೆಯಲ್ಲೂ ನಷ್ಟ. ನೀವು ಅಡ್ವಾನ್ಸ್ ಕಟ್ಟಬೇಡಿ ದೊಡ್ಡಪ್ಪ.

ಬೇಲೂರು ಅತ್ತೆ, 7:51
ಅಣ್ಣ ನನಗೂ ಹೇಳಿರಲಿಲ್ಲ ಕಣೇ.

ಮೂಡಿಗೆರೆ ಬಾವ, 8:05
ಬೇಜಾರಾಯಿತು. ಆದರೆ ನೋಡು, ನೀನೇ ಹೇಳಿದ್ದು 0.76 ಅಂತ. ಅದಕ್ಕೆ ಸರ್ಕಾರದ ದುಡ್ಡು ಸುರಿಯೋದು ಯಾಕೆ? ಸೋಲಾರ್ ಪ್ಯಾನೆಲ್ ಹಾಕಿದರೆ ಮುಗೀತಲ್ಲ.

ನಾನು, 8:27
ಪಂಪಿಗೆ ಪ್ಯಾನೆಲ್ಲೇ ಸರಿ. ಬಿಸಿಲಿನ ಶೇ. 20ರಷ್ಟು ಕರೆಂಟಾಗುತ್ತದೆ. ಡೀಸೆಲ್ ಎಂಜಿನ್ ಆ 100 ಯೂನಿಟ್‌ನಲ್ಲಿ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಕರೆಂಟ್ ಮೋಟಾರಿಗೆ ಅಷ್ಟು ನಷ್ಟ ಇಲ್ಲ. ದೊಡ್ಡಪ್ಪನ ಪಂಪಿಗೆ 26 ಗುಂಟೆ ಬದಲು ಸುಮಾರು 35 ಚದರ ಮೀಟರ್ ಸಾಕು.

ಆದರೆ ಬಾವ, ನಿಮ್ಮ ಸ್ಟೋರಿನಲ್ಲಿರುವ ಯೂರಿಯಾ ಮೂಟೆ ನೋಡಿ. ಯೂರಿಯಾಗೆ ಅಮೋನಿಯಾ ಬೇಕು, ಅಮೋನಿಯಾಗೆ ಹೈಡ್ರೋಜನ್ ಬೇಕು. ಅಲ್ಲಿ ಕರೆಂಟ್ ಒಂದೇ ಇದ್ದರೆ ಆಗಲ್ಲ, ಹೈಡ್ರೋಜನ್ನೇ ಆಗಬೇಕು. ಈಗ ಅದನ್ನು ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ. ಇಂಗಾಲದ ಹೊಗೆ ಬೇರೆ. ಆ ಅನಿಲದಲ್ಲೂ ಬಹಳಷ್ಟು ಹಡಗಿನಲ್ಲಿ ಹೊರದೇಶದಿಂದ ಬರಬೇಕು. ಹೈಡ್ರೋಜನ್ನಿನ ನಿಜವಾದ ಜಾಗ ಇಂಥ ಕಡೆ. ಜೀಪಿನ ಬಾನೆಟ್ ಕೆಳಗಲ್ಲ.

ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ ಹಸಿರು ಹೈಡ್ರೋಜನ್ನಿಗೆ, ಅಂದರೆ ಇಂಗಾಲದ ಹೊಗೆ ಇಲ್ಲದೆ ಮಾಡುವ ಹೈಡ್ರೋಜನ್ನಿಗೆ, 19,744 ಕೋಟಿ ಇಟ್ಟಿತು. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಗುರಿ. ಅದರಲ್ಲಿ ಮುಖ್ಯ ದಾರಿ ಮೊದಲು ಕರೆಂಟ್ ಮಾಡಿ, ಆಮೇಲೆ ನೀರು ಒಡೆಯುವುದು. ಅದಕ್ಕೆ ಯಂತ್ರದ ಖರ್ಚು ಜಾಸ್ತಿ. ಬಿಸಿಲಿನಲ್ಲೇ ನೇರವಾಗಿ ನೀರು ಒಡೆಯುವ ಪುಡಿ ಅಗ್ಗವಾಗಿ ಸಿಕ್ಕರೆ ಎರಡು ಕೆಲಸ ಒಂದೇ ಹಲಗೆಯಲ್ಲಿ ಆಗುತ್ತದೆ. ನಮ್ಮ ಬೆಂಗಳೂರಿನ ಜಕ್ಕೂರಿನಲ್ಲೇ ಸಿ.ಎನ್.ಆರ್. ರಾವ್ ಅವರ ತಂಡ ಈ ಬಗ್ಗೆ ಸಂಶೋಧನೆ ಮಾಡಿದೆ. 2023ರಲ್ಲಿ ಅಮೆರಿಕದ ಮಿಶಿಗನ್ನಿನ ಲ್ಯಾಬಿನಲ್ಲಿ ಬಿಸಿಲಿನಂಥ ಬೆಳಕನ್ನು ಒಟ್ಟುಮಾಡಿ ಬಿಟ್ಟು ಶೇ. 9ರವರೆಗೆ ಹೋದರು. ಚಿಕ್ಕ ತುಂಡಿನಲ್ಲಿ ಅದು, ಬಯಲಲ್ಲಲ್ಲ. ಆದರೂ 0.76 ಎಲ್ಲಿ, 9 ಎಲ್ಲಿ? ಕಳ್ಳರ ಮೇಲಿನ ಸಿಟ್ಟಿಗೆ ನಾವು ಈ ಕೆಲಸವನ್ನೂ ಹೊರಗೆ ಹಾಕಬಾರದು ಬಾವ.

ದೊಡ್ಡಪ್ಪ, ಕಿಟ್ಟಿನವರಿಗೆ ಒಂದೇ ಪ್ರಶ್ನೆ ಕೇಳಿ. ಇದಕ್ಕೆ ಎಷ್ಟು ಚದರಡಿ ಬಿಸಿಲು ಬೇಕು?

ಸೋಮವಾರ ಬೆಳಿಗ್ಗೆ

ಸಕಲೇಶಪುರ ದೊಡ್ಡಪ್ಪ, 9:34
ಫೋನ್ ಮಾಡಿ ಕೇಳಿದೆ. ಬಿಸಿಲೇ ಬೇಡ ಸರ್, ರಾತ್ರಿಯೂ ಓಡುತ್ತೆ ಅಂದ. ವೈರು ಬ್ಯಾಟರಿಗೆ ಹೋಗುತ್ತಾ ಅಂದೆ. ಲೈನ್ ಕಟ್ ಮಾಡಿದ. ದುಡ್ಡು ಕಟ್ಟಿಲ್ಲ.

ಮೂಡಿಗೆರೆ ಬಾವ, 9:40
ಒಳ್ಳೇದಾಯಿತು ಮಾವ. ಯೂರಿಯಾ ವಿಷಯ ನನಗೂ ಗೊತ್ತಿರಲಿಲ್ಲ.

ಸಕಲೇಶಪುರ ದೊಡ್ಡಪ್ಪ, 11:10
ಕಣದ ಪಕ್ಕದ ಶೆಡ್ ಅಳೆಸಿದೆ ಮಗಳೇ. 40 ಅಡಿ ಉದ್ದ, 12 ಅಡಿ ಅಗಲ. ಪ್ಯಾನೆಲ್ ಹಿಡಿಯುತ್ತಾ?

ನಾನು, 11:26
ಹಿಡಿಯುತ್ತೆ ದೊಡ್ಡಪ್ಪ. ದಕ್ಷಿಣದ ಕಡೆ ಸಿಲ್ವರ್ ಓಕ್ ಇದೆಯಲ್ಲ, ಅದರ ನೆರಳು ಶೆಡ್ ಮೇಲೆ ಎಷ್ಟು ಗಂಟೆವರೆಗೆ ಇರುತ್ತದೆ, ಇವತ್ತು ನೋಡಿ ಹೇಳಿ.