ತಂಗಿಗೆ ‘ನೀನು ಸತು’ ಅಂತ ಬಂದದ, ಏನ್ ಹೇಳ್ಲಿ?

ಬೀದರಿನ ಅಕ್ಕ:
ನಮಸ್ಕಾರ್ರಿ. ನಮ್ ತಂಗಿ ಪಿಯುಸಿ ಎರಡನೇ ವರ್ಷ ಓದ್ಲತ್ತಾಳ. ಮೊನ್ನೆ ಗೆಳತ್ಯಾರೆಲ್ಲ ಕೂಡಿ ಮೊಬೈಲ್‌ನಾಗ ‘ನೀವು ಯಾವ ಲೋಹ?’ ಅಂತ ಒಂದು ಟೆಸ್ಟ್ ಮಾಡ್ಯಾರ. ಪ್ರಶ್ನೆಗಳೇ ವಿಚಿತ್ರ: ಮಳಿ ಬಂದ್ರ ಮೊದಲ ಏನ್ ಒಳಗ ತರ್ತೀರಿ, ಕತ್ತಲ್ದಾಗ ಯಾವ ಕೈ ಮುಂದ ಚಾಚ್ತೀರಿ, ಹಿಂಗ. ಒಬ್ಬಾಕಿಗೆ ಬಂಗಾರ, ಇಬ್ಬರಿಗೆ ಬೆಳ್ಳಿ ಬಂತು. ಇಕಿಗೆ ಸತು. ಕೆಳಗ ಬರ್ದಾರ: ‘ನೀವು ಹೊರಗೆ ಗಟ್ಟಿ, ಒಳಗೆ ಅಂಜುಬುರುಕರು. ಬೆಳ್ಳಿಯ ಪಕ್ಕ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ.’ ಎಲ್ಲರೂ ಸ್ಟೇಟಸ್ ಹಾಕ್ಕೊಂಡ್ರು, ಇಕಿ ಹಾಕ್ಲಿಲ್ಲ. ಎರಡು ದಿನ ಆಯ್ತು, ಊಟಕ್ಕ ಕರದ್ರ ‘ಖರೇನೇ ಬರ್ದಾರ ಅಕ್ಕಾ’ ಅಂತಾಳ. ಇಂಥಾ ಟೆಸ್ಟಿನಾಗ ಏನರ ಖರೆ ಇರ್ತದೇನ್ರಿ?

ಕಲಬುರಗಿ ಹುಡುಗ:
ಅಕ್ಕೋರೆ, ನಾನು ಸೈಕಾಲಜಿ ಎಂಎ ಮಾಡ್ಲತ್ತೀನಿ. ಬರ್ಟ್ರಮ್ ಫೋರರ್ ಅಂಬೋ ಮಾಸ್ತರ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಆಮ್ಯಾಲ ‘ಇದು ನಿನ್ನ ಸ್ವಭಾವ’ ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳಿ ಕೊಟ್ಟ. ಎಲ್ಲಾ ಹಾಳಿಯಾಗೂ ಒಂದೇ ಬರಹ! ಎಷ್ಟು ಹೊಂದತದ ಅಂದ್ರ ಹುಡುಗರು 5ಕ್ಕ ಸರಾಸರಿ 4.26 ಅಂಕ ಹಾಕಿದ್ರು. 1949ರಾಗ ಅದನ್ನ ಪ್ರಕಟಿಸಿದ. ಹೊರಗ ಬಿಗಿ, ಒಳಗ ಅಂಜಿಕೆ ಅನ್ನೋ ಅರ್ಥದ ಸಾಲು ಅವನ ಹಾಳಿಯಾಗೂ ಇತ್ತು. ಸತು ಅನ್ನೋದು ಮುಚ್ಚಿಟ್ಟು, ಆ ಒಂದು ಸಾಲು ಮನ್ಯಾಗ ಬ್ಯಾರೆಯವರಿಗೆ ಓದಿ ಹೇಳ್ರಿ, ತಂಗಿ ಎದುರಿಗೇ.

ಬಿದ್ರಿ ಕೆಲಸದವ:
ತಂಗೀ, ಸತುವಿಗೆ ಹಿಂಗಂದದ್ದು ನನಗ ಸೇರಲಿಲ್ಲ. ನಮ್ ಹೂಜಿ, ಹೂದಾನಿ ಎಲ್ಲದರ ಮೈ ಸತುವಿಂದೇ. 16 ಪಾಲು ಸತುವಿಗೆ 1 ಪಾಲು ತಾಮ್ರ. ಚಾಣದಿಂದ ಕೆತ್ತಿ, ಆ ಗೀರಿನಾಗ ಬೆಳ್ಳಿ ತಂತಿ ಬಡಿದು ಕೂಡಿಸ್ತೀವಿ. ಉಜ್ಜಿದ ಮ್ಯಾಲ ಎರಡೂ ಒಂದೇ ಹೊಳಪು, ಬೆಳ್ಳಿ ಎಲ್ಲದ ಅಂತ ಗುರ್ತೇ ಹತ್ತಂಗಿಲ್ಲ. ಬೀದರ ಕೋಟೆದಾಗಿನ ಮಣ್ಣು, ನವಸಾಗರ ಅಂಬೋ ಉಪ್ಪು ಕಲಸಿದ ಬಿಸಿನೀರಿಗೆ ಬಿಟ್ಟಾಗ ಮೈ ಕಪ್ಪಾಗ್ತದ, ಬೆಳ್ಳಿ ಹಾಂಗೇ ಉಳೀತದ. ಆವಾಗೇ ಮಂದಿ ‘ಬೆಳ್ಳಿ ಎಷ್ಟು ಛಂದ’ ಅಂತಾರ. ನಿಮ್ ತಂಗಿನ್ನ ಕರಕೊಂಡು ಬರ್ರಿ, ಕೈಯಾಗೇ ಕೊಟ್ಟು ತೋರಿಸ್ತೀನಿ.

ಬೀದರಿನ ಅಕ್ಕ:
ರಾತ್ರಿ ಅವ್ವ ರೊಟ್ಟಿ ಬಡಿಯಾಗ ಆ ಸಾಲು ಓದಿದೆ. ಬಡಿಯೋ ಕೈ ನಿಂತಿತು. ‘ನನ್ನ ಬಗ್ಗೆ ಯಾರ್ ಬರ್ದಾರ?’ ಅಂತ ಕೇಳಿದ್ಲು. ತಂಗಿ ಅವ್ವನ ಮಾರಿನೇ ನೋಡ್ಕೋತ ಕುಂತ್ಲು, ಹಂಚಿನ ಮ್ಯಾಲಿನ ರೊಟ್ಟಿ ಹೊತ್ತಿದ್ದೂ ಇಬ್ಬರಿಗೂ ಗೊತ್ತಾಗಲಿಲ್ಲ. ಅಣ್ಣಾರ, ಐತವಾರ ಮೂವರೂ ಬರ್ತೀವ್ರಿ.