ಮಹಾನಗರ ಸಾರಿಗೆ ಸಂಸ್ಥೆಗಳ ಆಡಳಿತ ಮಂಡಳಿ: ಪ್ರಯಾಣಿಕ ಯಾರನ್ನು ಕೇಳಬೇಕು?

ಪ್ರಶ್ನೆ

ದೊಡ್ಡ ನಗರಗಳ ಸಾರಿಗೆ ಸಂಸ್ಥೆಗಳ ಆಡಳಿತ ಮಂಡಳಿಗಳ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಒಂದು ಕಡೆ ಸದಸ್ಯರನ್ನು ಮೇಯರ್ ನೇಮಿಸುತ್ತಾರೆ, ಇನ್ನೊಂದು ಕಡೆ ರಾಜ್ಯದ ಚುನಾಯಿತ ಮುಖ್ಯಸ್ಥರಾದ ಗವರ್ನರ್ ನೇಮಿಸುತ್ತಾರೆ, ಮತ್ತೊಂದು ಕಡೆ ಜನರೇ ಮತ ಹಾಕಿ ಆರಿಸುತ್ತಾರೆ. ದಿನವೂ ಬಸ್ಸು, ರೈಲು ಹತ್ತುವವರ ಕಡೆಯಿಂದ ನೋಡಿದರೆ ಇವುಗಳಲ್ಲಿ ಯಾವುದು ಮೇಲು? ದರ ಏರಿದಾಗ, ಮಾರ್ಗ ರದ್ದಾದಾಗ ಯಾರನ್ನು ಕೇಳಬೇಕೆಂಬುದು ಪ್ರಯಾಣಿಕನಿಗೆ ತಿಳಿಯುವಂಥ ವ್ಯವಸ್ಥೆ ಎಲ್ಲಾದರೂ ಇದೆಯೇ? ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1

‘ಯಾರನ್ನು ಕೇಳಬೇಕು’ ಎಂಬ ನಿಮ್ಮ ಮಾತನ್ನೇ ಅಳತೆಗೋಲಾಗಿ ಹಿಡಿದರೆ ಲಂಡನ್ ಎಲ್ಲರಿಗಿಂತ ಮುಂದೆ ನಿಲ್ಲುತ್ತದೆ. ಅಲ್ಲಿ 2000ದಲ್ಲಿ ಆರಂಭವಾದ ‘ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್’ ಸಂಸ್ಥೆಯ ಮಂಡಳಿಯನ್ನು ನೇಮಿಸುವವರು ಮೇಯರ್, ಅದರ ಅಧ್ಯಕ್ಷರಾಗಿ ಕೂರುವವರೂ ಮೇಯರ್, ಪ್ರಯಾಣ ದರವನ್ನು ತೀರ್ಮಾನಿಸುವವರೂ ಅವರೇ. ಹೊಣೆಯನ್ನು ಬೇರೆಯವರ ಹೆಗಲಿಗೆ ಜಾರಿಸಲು ಅವರಿಗೆ ಹೆಚ್ಚು ಅವಕಾಶವಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಮತದಾರರ ಮುಂದೆ ನಿಲ್ಲಲೇಬೇಕು.

ನ್ಯೂಯಾರ್ಕ್‌ನ ಸಾರಿಗೆ ಸಂಸ್ಥೆಯಾದ ಎಂ.ಟಿ.ಎ. ಇದಕ್ಕೆ ತದ್ವಿರುದ್ಧ. ಸದಸ್ಯರೆಲ್ಲರನ್ನೂ ನಾಮನಿರ್ದೇಶನ ಮಾಡುವವರು ಗವರ್ನರ್, ಒಪ್ಪಿಗೆ ಕೊಡುವುದು ರಾಜ್ಯದ ಸೆನೆಟ್. ಆದರೆ ಆ ಹೆಸರುಗಳಲ್ಲಿ ನಾಲ್ಕನ್ನು ನಗರದ ಮೇಯರ್ ಸೂಚಿಸುತ್ತಾರೆ, ಉಳಿದ ಕೆಲವನ್ನು ಸುತ್ತಲಿನ ಕೌಂಟಿಗಳ (ಜಿಲ್ಲೆಯಂಥ ಆಡಳಿತ ವಿಭಾಗಗಳ) ಮುಖ್ಯಸ್ಥರು ಸೂಚಿಸುತ್ತಾರೆ. ಡಚೆಸ್, ಆರೆಂಜ್, ರಾಕ್‌ಲ್ಯಾಂಡ್, ಪಟ್ನಮ್ ಎಂಬ ನಾಲ್ಕು ಕೌಂಟಿಗಳ ಪ್ರತಿನಿಧಿಗಳು ನಾಲ್ಕು ಕುರ್ಚಿಗಳಲ್ಲಿ ಕೂತರೂ ಅವರೆಲ್ಲರಿಗೂ ಸೇರಿ ಇರುವುದು ಒಂದೇ ಮತ. ಇಷ್ಟು ಸೂಕ್ಷ್ಮವಾಗಿ ತೂಗಿ ಕಟ್ಟಿದ ಮಂಡಳಿಯ ನಿಜವಾದ ಶಕ್ತಿ ಎಷ್ಟೆಂಬುದು 2024ರಲ್ಲಿ ಕಂಡುಬಂತು. ಮ್ಯಾನ್‌ಹಟನ್‌ನ ದಟ್ಟಣೆಯ ಭಾಗಕ್ಕೆ ಬರುವ ವಾಹನಗಳ ಮೇಲೆ ಶುಲ್ಕ ವಿಧಿಸುವ ದರಪಟ್ಟಿಯನ್ನು ಮಾರ್ಚ್‌ನಲ್ಲಿ ಮಂಡಳಿ 11–1 ಮತಗಳಿಂದ ಅಂಗೀಕರಿಸಿತ್ತು. ಜಾರಿಗೆ ಕೆಲವೇ ವಾರ ಉಳಿದಿರುವಾಗ, ಜೂನ್‌ನಲ್ಲಿ, ಗವರ್ನರ್ ಅದನ್ನು ತಡೆಹಿಡಿದರು. ಕೊನೆಗೆ 2025ರ ಜನವರಿ 5ರಂದು ಯೋಜನೆ ಜಾರಿಗೆ ಬಂದಾಗ 15 ಡಾಲರ್ ಇದ್ದ ಹಗಲಿನ ಶುಲ್ಕ 9 ಡಾಲರ್‌ಗೆ ಇಳಿದಿತ್ತು. ಮಂಡಳಿಯ ಹನ್ನೊಂದು ಮತಗಳಿಗಿಂತ ಒಬ್ಬರ ಮಾತು ಭಾರವಾಯಿತು. ಆದ್ದರಿಂದ ಕುರ್ಚಿಗಳನ್ನು ಎಣಿಸುವ ಮೊದಲು ನೇಮಕದ ಕಾಗದಕ್ಕೆ ಸಹಿ ಹಾಕುವವರು ಯಾರೆಂದು ನೋಡಿ ಎಂಬುದು ನನ್ನ ಸಲಹೆ.

ಉತ್ತರ 2

ಜನರೇ ಆರಿಸುವ ಮಂಡಳಿಯಲ್ಲಿ ಈ ತೊಡಕು ಇರುವುದಿಲ್ಲ ಎಂದು ನಾನೂ ಬಹಳ ಕಾಲ ನಂಬಿದ್ದೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ‘ಬಾರ್ಟ್’ ರೈಲು ಸಂಸ್ಥೆಗೆ ಒಂಬತ್ತು ನಿರ್ದೇಶಕರಿದ್ದು, ಒಂಬತ್ತು ಕ್ಷೇತ್ರಗಳ ಮತದಾರರು ಅವರನ್ನು ನಾಲ್ಕು ವರ್ಷದ ಅವಧಿಗೆ ನೇರವಾಗಿ ಆರಿಸುತ್ತಾರೆ. ಆದರೆ ಆ ಕ್ಷೇತ್ರಗಳು ಅಲಮೀಡ, ಕಾಂಟ್ರಾ ಕೋಸ್ಟ, ಸ್ಯಾನ್ ಫ್ರಾನ್ಸಿಸ್ಕೊ ಎಂಬ ಮೂರು ಕೌಂಟಿಗಳ ಗಡಿಯೊಳಗೇ ಮುಗಿಯುತ್ತವೆ. ಸ್ಯಾನ್ ಮಟೇಯೊ ಕೌಂಟಿ 1961ರಲ್ಲೇ ಯೋಜನೆಯಿಂದ ಹಿಂದೆ ಸರಿಯಿತು. ಸಾಂಟಾ ಕ್ಲಾರಾ ಕೌಂಟಿಯೂ ಸೇರಲಿಲ್ಲ. ಕಾಲಕ್ರಮದಲ್ಲಿ ಹಳಿಗಳು ಎರಡೂ ಕೌಂಟಿಗಳನ್ನು ತಲುಪಿದವು, ಮತದಾನದ ಹಕ್ಕು ಮಾತ್ರ ಹಳಿಯ ಜೊತೆ ಹೋಗಲಿಲ್ಲ. ಸ್ಯಾನ್ ಮಟೇಯೊ ಕೌಂಟಿಯ ಮಿಲ್‌ಬ್ರೇ ನಿಲ್ದಾಣದಲ್ಲಿ ದಿನವೂ ರೈಲು ಹತ್ತುವವರಿಗೆ ಆ ಮಂಡಳಿಯಲ್ಲಿ ತಮ್ಮವರೆಂದು ಹೇಳಿಕೊಳ್ಳಲು ಒಬ್ಬ ನಿರ್ದೇಶಕರೂ ಇಲ್ಲ. ಗಡಿ ಎಳೆದದ್ದು ಒಂದು ಕಾಲದಲ್ಲಿ, ಊರು ಬೆಳೆದದ್ದು ಇನ್ನೊಂದು ಕಾಲದಲ್ಲಿ. ಚುನಾಯಿತ ಮಂಡಳಿಯನ್ನು ಹೊಗಳುವವರು ಈ ಅನ್ಯಾಯವನ್ನು ಮರೆಯಬಾರದೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉತ್ತರ 3

ಮೇಲಿನ ಇಬ್ಬರ ಮಾತಿಗೂ ಒಂದು ಸಂಗತಿ ಸೇರಿಸಬೇಕು. ವಾಷಿಂಗ್ಟನ್ ಮೆಟ್ರೊ ಮಂಡಳಿಯಲ್ಲಿ ಮತ ಹಾಕುವ ಸದಸ್ಯರು ಎಂಟು: ಡಿಸ್ಟ್ರಿಕ್ಟ್ ಆಫ್ ಕೊಲಂಬಿಯ (ಅಂದರೆ ವಾಷಿಂಗ್ಟನ್ ನಗರ), ಮೇರಿಲ್ಯಾಂಡ್, ವರ್ಜೀನಿಯ ಮತ್ತು ಅಮೆರಿಕದ ಕೇಂದ್ರ ಸರ್ಕಾರ, ತಲಾ ಇಬ್ಬರು. ಬಹುಮತ ಇದ್ದರಷ್ಟೇ ನಿರ್ಣಯ ಪಾಸಾಗುವುದಿಲ್ಲ. ಮೊದಲ ಮೂರೂ ಕಡೆಯಿಂದ ಕನಿಷ್ಠ ಒಂದೊಂದು ಮತ ಪರವಾಗಿ ಬೀಳಬೇಕು. ಹಾಗಾಗಿ ಆರು ಜನ ಒಪ್ಪಿದ ವಿಷಯವೂ ಮೇರಿಲ್ಯಾಂಡ್‌ನ ಇಬ್ಬರು ಒಪ್ಪದಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನಿಧಾನವಾದರೂ ಇದನ್ನು ನಾನು ತಪ್ಪೆನ್ನಲಾರೆ, ಏಕೆಂದರೆ ಹಣ ಹಾಕುವವರಿಗೆ ತಡೆಯುವ ಅಧಿಕಾರವೂ ಇಲ್ಲದಿದ್ದರೆ ಅವರು ಪಾಲುದಾರರಾಗಿ ಉಳಿಯುವುದು ಕಷ್ಟ. ಆ ಮೂರೂ ಸರ್ಕಾರಗಳು ಸೇರಿ ವರ್ಷಕ್ಕೆ 50 ಕೋಟಿ ಡಾಲರ್‌ಗಳನ್ನು ಮೆಟ್ರೊಗೆಂದೇ ಮೀಸಲಿಟ್ಟು ಕೊಡಲು ಒಪ್ಪಿದ್ದು 2018ರಲ್ಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಹೆಸರು ಬೇಡ, ಒಂದು ನಗರದ ಮಂಡಳಿ ಸಭೆಯ ವಿಡಿಯೊ ನೋಡಿದ ಮೇಲೆ ಈ ಪ್ರಶ್ನೆ ನನ್ನಲ್ಲಿ ಹುಟ್ಟಿತು. ಮಾರ್ಗವೊಂದರ ರದ್ದತಿಯನ್ನು ವಿರೋಧಿಸಿ ಮಾತನಾಡಲು ಬಂದಿದ್ದ ವೃದ್ಧೆಗೆ ಸಿಕ್ಕಿದ್ದು ಎರಡು ನಿಮಿಷ. ಆಕೆ ಮಾತು ಮುಗಿಸುವ ಮೊದಲೇ ಗಂಟೆ ಬಾರಿಸಿತು. ಸದಸ್ಯರು ಕಾಗದ ತಿರುಗಿಸುತ್ತಿದ್ದರು. ಅದಕ್ಕಾಗಿ ಇನ್ನೊಂದನ್ನು ಕೇಳುತ್ತೇನೆ: ಪ್ರಯಾಣಿಕರಿಗೆಂದೇ ಮಂಡಳಿಯಲ್ಲಿ ಸ್ಥಾನ ಇರುವುದಿಲ್ಲವೇ?

ಉತ್ತರ 1 ಬರೆದವರಿಂದ

ಇದೆ. ನಾನು ಹೇಳಿದ ಎಂ.ಟಿ.ಎ. ಮಂಡಳಿಯಲ್ಲೇ ಪ್ರಯಾಣಿಕರ ಪ್ರತಿನಿಧಿಗಳೂ ಕಾರ್ಮಿಕ ಸಂಘಗಳ ಪ್ರತಿನಿಧಿಗಳೂ ಕೂರುತ್ತಾರೆ. ಅವರು ಚರ್ಚೆಯಲ್ಲಿ ಭಾಗವಹಿಸಬಹುದು, ಪ್ರಶ್ನೆ ಕೇಳಬಹುದು. ಮತ ಹಾಕುವಂತಿಲ್ಲ.